ಬಿಲ್ ಕೌಂಟರಿನಲ್ಲಿ ‘ಮೊಬೈಲ್ ನಂಬರ್ ಹೇಳಿ’ ಅಂದರೆ ಏನು ಮಾಡಬೇಕು?

‘ಸೂಪರ್ ಮಾರ್ಕೆಟ್ಟಿನಲ್ಲಿ ನಂಬರ್ ಕೊಡದಿದ್ರೆ ಬಿಲ್ಲೇ ಆಗಲ್ಲ ಅಂತಾರೆ, ನಿಜಾನಾ?’ ‘ಬಟ್ಟೆ ಅಂಗಡಿಯಲ್ಲಿ ಹುಟ್ಟಿದ ದಿನ, ಮದುವೆ ದಿನ ಎಲ್ಲಾ ಕೇಳ್ತಾರೆ, ಹೇಳಲೇಬೇಕಾ?’ ‘ಒಂದ್ಸಲ ಕೊಟ್ಟೆ ಅಷ್ಟೇ, ಈಗ ದಿನಾ ಆಫರ್ ಮೆಸೇಜು, ನಿಲ್ಲಿಸೋದು ಹೇಗೆ?’ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವೇ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಕೊಟ್ಟು ಸಾಮಾನು ತೆಗೆದುಕೊಂಡರೆ ಬಿಲ್ ನಿಮ್ಮ ಹಕ್ಕು. ನಂಬರ್ ಕೊಡುವುದು ನಿಮ್ಮಿಷ್ಟ. ಈ ಎರಡಕ್ಕೂ ಗಂಟು ಹಾಕುವ ಅಧಿಕಾರ ಅಂಗಡಿಯವರಿಗಿಲ್ಲ.

ಕಾನೂನು ಏನು ಹೇಳುತ್ತದೆ

2023ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದೊಡ್ಡ ವ್ಯಾಪಾರಿ ಸಂಘಟನೆಗಳಿಗೆಲ್ಲ ಒಂದು ಸೂಚನೆ ಕಳಿಸಿತು. ಬಿಲ್ ಮಾಡಲು ಮೊಬೈಲ್ ನಂಬರ್ ಕೊಡಲೇಬೇಕು ಎಂದು ಒತ್ತಾಯ ಮಾಡಬೇಡಿ, ಅದು ‘ಅನುಚಿತ ವ್ಯಾಪಾರ ಪದ್ಧತಿ’ ಆಗುತ್ತದೆ ಎಂದು ಅದರಲ್ಲಿತ್ತು. ಅನುಚಿತ ವ್ಯಾಪಾರ ಪದ್ಧತಿ ಅಂದರೆ ಗ್ರಾಹಕರಿಗೆ ಮೋಸವಾಗುವ ಹಾಗೆ, ಅನ್ಯಾಯವಾಗುವ ಹಾಗೆ ವ್ಯಾಪಾರ ಮಾಡುವುದು. ಈ ಮಾತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೇ ಇದೆ. ಬಿಲ್ ಕೊಡದಿರುವುದು ಅದರ ಪ್ರಕಾರ ತಪ್ಪು. ನೀವು ನಂಬಿ ಕೊಟ್ಟ ಸ್ವಂತ ಮಾಹಿತಿಯನ್ನು ಬೇರೆಯವರಿಗೆ ದಾಟಿಸುವುದೂ ತಪ್ಪು.

‘ಜಿಎಸ್‌ಟಿಗೆ ನಂಬರ್ ಬೇಕು ಸರ್’ ಎನ್ನುವ ಮಾತು ನೀವೂ ಕೇಳಿರುತ್ತೀರಿ. ಬೇಕಿಲ್ಲ. ಜಿಎಸ್‌ಟಿ ನೋಂದಣಿ ಇಲ್ಲದ ನಮ್ಮಂಥ ಮಾಮೂಲಿ ಗ್ರಾಹಕರ ಬಿಲ್ 50,000 ರೂಪಾಯಿ ಮುಟ್ಟಿದರೆ ಹೆಸರು, ವಿಳಾಸ ಬರೆಯಬೇಕು ಎಂಬ ನಿಯಮ ಇದೆ. ಅದರಲ್ಲೂ ಮೊಬೈಲ್ ನಂಬರಿನ ಮಾತಿಲ್ಲ. ಅರ್ಧ ಕೆಜಿ ತೊಗರಿಬೇಳೆಗೂ ಒಂದು ಸೋಪಿಗೂ ಸರ್ಕಾರಕ್ಕೆ ನಿಮ್ಮ ನಂಬರ್ ಏಕೆ ಬೇಕು ಹೇಳಿ?

ಇನ್ನೊಂದು ಕಾನೂನಿದೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ದತ್ತಾಂಶ ಅಂದರೆ ಇಲ್ಲಿ ನಿಮ್ಮ ಹೆಸರು, ನಂಬರ್, ಹುಟ್ಟಿದ ದಿನ ಇಂಥವು. ಏನು ತೆಗೆದುಕೊಳ್ಳುತ್ತಿದ್ದೇವೆ, ಯಾವ ಕೆಲಸಕ್ಕೆ ಎಂದು ತಿಳಿಸಿ ಒಪ್ಪಿಗೆ ಪಡೆಯಬೇಕು, ಆ ಕೆಲಸಕ್ಕೆ ಎಷ್ಟು ಬೇಕೋ ಅಷ್ಟನ್ನೇ ತೆಗೆದುಕೊಳ್ಳಬೇಕು ಎನ್ನುತ್ತದೆ ಅದು. ಆ ವಿವರವನ್ನು ಕನ್ನಡದಲ್ಲೇ ಓದುವ ಅವಕಾಶವನ್ನೂ ಕೊಡಬೇಕು. ಇದರಲ್ಲಿ ನಮಗೆ ಚೆನ್ನಾಗಿ ಹೊಂದುವ ಒಂದು ಉದಾಹರಣೆ ಇದೆ. ಒಬ್ಬರು ಔಷಧಿ ಅಂಗಡಿಯಲ್ಲಿ ತಾವಾಗಿಯೇ ನಂಬರ್ ಕೊಟ್ಟು, ರಸೀದಿಯನ್ನು ಮೆಸೇಜ್ ಮಾಡಿ ಎಂದು ಕೇಳುತ್ತಾರೆ. ಅಂಗಡಿಯವರು ಆ ನಂಬರನ್ನು ರಸೀದಿ ಕಳಿಸಲು ಬಳಸಬಹುದು. ಅಷ್ಟೇ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಆದರೆ ಅಂಗಡಿಗಳ ಮೇಲಿನ ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಗಡುವು ಇದೆ. ಅಲ್ಲಿಯವರೆಗೆ ಕೈಗೆ ಸಿಗುವ ಆಯುಧ ಗ್ರಾಹಕ ಕಾಯ್ದೆಯೇ.

ಹಂತ 1: ಮನೆ ಬಿಡುವ ಮುಂಚೆ

ಚೀಲ ತೆಗೆದುಕೊಳ್ಳಿ. ತಮಾಷೆಯಲ್ಲ, ಕೌಂಟರಿನಲ್ಲಿ ನಡೆಯುವ ಮೊದಲ ಮಾರಾಟವೇ ಚೀಲದ್ದು.

ಆಮೇಲೆ ಡಿಎನ್‌ಡಿ ಹಾಕಿಸಿ. ಡಿಎನ್‌ಡಿ ಅಂದರೆ ಜಾಹೀರಾತು ಕರೆ, ಮೆಸೇಜು ಬೇಡ ಎಂದು ಫೋನ್ ಕಂಪನಿಗೆ ಹೇಳಿ ಬರೆಸಿಡುವುದು. ಮೆಸೇಜಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಸ್ಟಾರ್ಟ್’ ಎಂದು ಬರೆದು, ಒಂದು ಜಾಗ ಬಿಟ್ಟು 0 ಹಾಕಿ, 1909ಕ್ಕೆ ಕಳಿಸಿ. ಅದೇ ನಂಬರಿಗೆ ಕರೆ ಮಾಡಿಯೂ ಹೇಳಬಹುದು. ಬ್ಯಾಂಕಿನ ಮೆಸೇಜು, ಓಟಿಪಿ ಎಲ್ಲ ಎಂದಿನಂತೆ ಬರುತ್ತವೆ, ಹೆದರಬೇಡಿ.

ಎಚ್ಚರ: ಡಿಎನ್‌ಡಿ ಹಾಕಿದ ಮೇಲೂ, ನೀವೇ ಒಪ್ಪಿಗೆ ಕೊಟ್ಟ ಅಂಗಡಿಯ ಜಾಹೀರಾತು ಬರಬಹುದು. ನಿಮ್ಮ ಒಪ್ಪಿಗೆ ಡಿಎನ್‌ಡಿಯನ್ನು ಮೀರುತ್ತದೆ. ಹಾಗಾಗಿ ಮುಂದಿನ ಹಂತಗಳು ಮುಖ್ಯ.

ಹಂತ 2: ಕೇಳುತ್ತಿರುವುದಕ್ಕೆ ಕಾರಣ ಇದೆಯಾ ನೋಡಿ

ಎಲ್ಲಾ ಕಡೆ ‘ಕೊಡಲ್ಲ’ ಎಂದು ಜಗಳಕ್ಕೆ ನಿಲ್ಲುವುದೂ ಸರಿಯಲ್ಲ. ಕೆಲವು ಕಡೆ ಕೇಳುವುದಕ್ಕೆ ನಿಜವಾದ ಕಾರಣ ಇರುತ್ತದೆ.

ಔಷಧಿ ಅಂಗಡಿಯಲ್ಲಿ ಷೆಡ್ಯೂಲ್ ಎಚ್1 ಪಟ್ಟಿಯ ಔಷಧಿ ಕೊಂಡರೆ, ಅಂದರೆ ಕೆಲವು ಬಲವಾದ ಆ್ಯಂಟಿಬಯಾಟಿಕ್, ಕ್ಷಯದ ಮಾತ್ರೆ, ಕೆಲವು ನಿದ್ದೆ ಮಾತ್ರೆ, ಅಂಗಡಿಯವರು ರೋಗಿಯ ಹೆಸರು, ಬರೆದುಕೊಟ್ಟ ಡಾಕ್ಟರ ಹೆಸರು ಮತ್ತು ವಿಳಾಸ, ಔಷಧಿಯ ಹೆಸರು, ಎಷ್ಟು ಕೊಟ್ಟರು ಎಂಬುದನ್ನು ಪುಸ್ತಕದಲ್ಲಿ ಬರೆದು 3 ವರ್ಷ ಇಟ್ಟುಕೊಳ್ಳಬೇಕು. ಹೆಸರು ಕೇಳಿದರೆ ಹೇಳಿ. ಫ್ರಿಜ್, ವಾಷಿಂಗ್ ಮಷಿನ್ ಮನೆಗೆ ತಂದು ಕೂರಿಸಬೇಕಾದರೆ ವಿಳಾಸ, ನಂಬರ್ ಎರಡೂ ಬೇಕು. ಸಿಮ್ ಕಾರ್ಡಿಗೆ ಗುರುತಿನ ದಾಖಲೆ ಬೇಕು. ದೊಡ್ಡ ಮೊತ್ತದ ಚಿನ್ನ ಕೊಂಡರೆ ಪ್ಯಾನ್ ಕೇಳುವುದು ಆದಾಯ ತೆರಿಗೆಯ ನಿಯಮ, ಅಂಗಡಿಯವರ ಚಪಲವಲ್ಲ.

ಉಳಿದಂತೆ ದಿನಸಿ, ಬಟ್ಟೆ, ಚಪ್ಪಲಿ, ಪುಸ್ತಕ, ಕಾಫಿ, ಇವಕ್ಕೆ ಏನೂ ಬೇಡ. ಆಧಾರ್ ನಂಬರ್ ಕೇಳಿದರಂತೂ ಸಾಮಾನು ಅಲ್ಲೇ ಇಟ್ಟು ಬಂದರೂ ತಪ್ಪಿಲ್ಲ.

‘ವಾರಂಟಿಗೆ ನಂಬರ್ ಬೇಕು’ ಎನ್ನುವುದು ಅರ್ಧ ನಿಜ. ವಾರಂಟಿಗೆ ಬೇಕಾಗಿರುವುದು ಬಿಲ್ಲು ಮತ್ತು ವಸ್ತುವಿನ ಮೇಲಿರುವ ಸೀರಿಯಲ್ ನಂಬರು. ಬಿಲ್ಲಿನ ಫೋಟೋ ಅವತ್ತೇ ತೆಗೆದಿಡಿ. ಈಗಿನ ಬಿಲ್ ಕಾಗದದ ಅಕ್ಷರ ಬಿಸಿಗೆ, ಬೆಳಕಿಗೆ ಮಾಸಿಹೋಗುತ್ತದೆ. ವರ್ಷ ಕಳೆದು ತೆಗೆದರೆ ಬಿಳಿ ಚೀಟಿ ಅಷ್ಟೇ.

ಹಂತ 3: ಒಂದು ವಾಕ್ಯ ರೆಡಿ ಇಟ್ಟುಕೊಳ್ಳಿ

ಹೆಚ್ಚಿನವರು ನಂಬರ್ ಕೊಡುವುದು ಒಪ್ಪಿಗೆಯಿಂದಲ್ಲ, ಗಡಿಬಿಡಿಯಿಂದ. ಹಿಂದೆ ಐದಾರು ಜನ ತಳ್ಳುಗಾಡಿ ಹಿಡಿದು ನಿಂತಿರುತ್ತಾರೆ, ಕೌಂಟರಿನ ಹುಡುಗಿ ಕೀಬೋರ್ಡ್ ಮೇಲೆ ಬೆರಳಿಟ್ಟು ‘ನಂಬರ್ ಹೇಳಿ ಮೇಡಂ’ ಎನ್ನುತ್ತಾಳೆ, ಬಾಯಿಂದ ಹತ್ತು ಅಂಕಿ ತಾನಾಗಿ ಬಂದುಬಿಡುತ್ತದೆ. ಕೇಳುವ ಧಾಟಿಯೇ ಹಾಗಿದೆ. ‘ಕೊಡ್ತೀರಾ?’ ಎಂದು ಯಾರೂ ಕೇಳುವುದಿಲ್ಲ.

ಹಾಗಾಗಿ ಮಾತು ಮೊದಲೇ ಯೋಚಿಸಿಟ್ಟುಕೊಳ್ಳಿ. ನಗುತ್ತಾ ಹೇಳಿ:

‘ನಂಬರ್ ಬೇಡಮ್ಮ, ಹಾಗೇ ಬಿಲ್ ಮಾಡಿ.’

ಹತ್ತರಲ್ಲಿ ಎಂಟು ಕಡೆ ಇಷ್ಟಕ್ಕೇ ಮುಗಿಯುತ್ತದೆ. ಅವರೂ ಎಂಟರ್ ಒತ್ತಿ ಮುಂದೆ ಹೋಗುತ್ತಾರೆ. ‘ಸಿಸ್ಟಮ್ ತಗೊಳಲ್ಲ ಮೇಡಂ’ ಅಂದರೆ ಎರಡನೇ ಮಾತು:

‘ಪರವಾಗಿಲ್ಲ, ನಿಮ್ಮ ಅಂಗಡಿ ನಂಬರ್ ಹಾಕಿಕೊಳ್ಳಿ. ಇಲ್ಲಾಂದ್ರೆ ಮ್ಯಾನೇಜರ್ ಕರೀರಿ, ನಾನು ಕಾಯ್ತೀನಿ.’

‘ಕಾಯ್ತೀನಿ’ ಎನ್ನುವ ಮಾತಿಗೆ ಬಹಳ ಶಕ್ತಿ ಇದೆ. ಸಾಲು ನಿಲ್ಲುವುದು ಅವರಿಗೂ ಬೇಡ. ಅಷ್ಟಾದರೂ ಆಗದಿದ್ದರೆ ಮೂರನೆಯದು: ‘ನಂಬರ್ ಇಲ್ಲದೆ ಬಿಲ್ ಕೊಡಲ್ಲ ಅಂತ ಬರೆದುಕೊಡಿ.’ ಬರೆದುಕೊಡುವವರು ಸಿಗುವುದು ಕಷ್ಟ.

ದಯವಿಟ್ಟು ಕೌಂಟರಿನವರ ಮೇಲೆ ರೇಗಬೇಡಿ. ದಿನಕ್ಕೆ ಇಷ್ಟು ನಂಬರ್ ಸೇರಿಸಬೇಕು ಎಂದು ಮೇಲಿನವರು ಅವರ ತಲೆ ಮೇಲೆ ಕೂತಿರುತ್ತಾರೆ. ನಿಯಮ ಮಾಡಿದವರು ಎಸಿ ರೂಮಿನಲ್ಲಿರುತ್ತಾರೆ, ಬೈಸಿಕೊಳ್ಳುವವರು ಇವರು.

ಇಲ್ಲಿ ಜನ ಸಾಮಾನ್ಯವಾಗಿ ಎಡವುವುದು ಎರಡು ಕಡೆ.

ಒಂದು, ಸುಮ್ನೆ ಬಾಯಿಗೆ ಬಂದ ಹತ್ತು ಅಂಕಿ ಹೇಳುವುದು. ಅದು ಇನ್ಯಾರದೋ ನಂಬರ್ ಆಗಿರುತ್ತದೆ. ನಿಮ್ಮ ಬಿಲ್ಲು ಅವರಿಗೆ ಹೋಗುತ್ತದೆ, ಅಂಗಡಿಯ ಕಾಟವೂ ಅವರಿಗೇ. ಬೇಡ ಎನ್ನುವುದು ಸುಳ್ಳು ಹೇಳುವುದಕ್ಕಿಂತ ಸುಲಭ.

ಎರಡು, ಸಾಲಿನಲ್ಲಿ ನಿಂತು ಗಟ್ಟಿಯಾಗಿ ನಂಬರ್ ಹೇಳುವುದು. ಕೆಲವು ಮಳಿಗೆಗಳಲ್ಲಿ ಕೌಂಟರಿನ ಚಿಕ್ಕ ಪರದೆ ಗ್ರಾಹಕರ ಕಡೆಗೇ ತಿರುಗಿರುತ್ತದೆ. ನಂಬರ್ ಒತ್ತಿದ ಕೂಡಲೇ ಹೆಸರು, ನಂಬರ್, ಪಾಯಿಂಟು ದಪ್ಪ ಅಕ್ಷರದಲ್ಲಿ ಮೂಡುತ್ತವೆ, ಹಿಂದೆ ನಿಂತವರೂ ಓದಬಹುದು. ಹೆಣ್ಣುಮಕ್ಕಳು ಇದನ್ನು ಗಮನದಲ್ಲಿಡಿ. ಕೊಡಲೇಬೇಕು ಅನ್ನಿಸಿದರೆ ಫೋನಿನಲ್ಲಿ ಬರೆದು ತೋರಿಸಿ, ಅಥವಾ ನೀವೇ ಒತ್ತಿ.

‘ಈಗ ಪೇಪರ್ ಬಿಲ್ ಇಲ್ಲ, ವಾಟ್ಸ್ಆ್ಯಪ್‌ಗೇ ಬರೋದು’ ಎನ್ನುವ ಅಂಗಡಿಗಳೂ ಶುರುವಾಗಿವೆ. ಪ್ರಿಂಟ್ ಕೇಳಿ. ಡಿಎನ್‌ಡಿ ವಾಟ್ಸ್ಆ್ಯಪ್‌ಗೆ ನಾಟುವುದಿಲ್ಲ ಎಂಬುದು ನೆನಪಿರಲಿ.

ಯುಪಿಐನಲ್ಲಿ ದುಡ್ಡು ಕೊಡುವವರಿಗೆ ಒಂದು ಮಾತು. ನಿಮ್ಮ ಯುಪಿಐ ಐಡಿಯಲ್ಲೇ ಮೊಬೈಲ್ ನಂಬರ್ ಇದ್ದರೆ, ಕೌಂಟರಿನಲ್ಲಿ ಬೇಡ ಎಂದದ್ದು ಅಲ್ಲಿಂದ ಹೊರಬೀಳಬಹುದು. ಆ್ಯಪ್‌ನ ಸೆಟ್ಟಿಂಗಿನಲ್ಲಿ ನಂಬರ್ ಇಲ್ಲದ ಬೇರೆ ಐಡಿ ಮಾಡಿಕೊಳ್ಳಿ.

ಹಂತ 4: ಓಟಿಪಿ ಕೇಳಿದರೆ ನಿಲ್ಲಿ

ನಂಬರ್ ಹೇಳಿದ ಮೇಲೆ ‘ಒಂದು ಓಟಿಪಿ ಬಂದಿರುತ್ತೆ ನೋಡಿ’ ಅಂದರೆ, ಅದು ಬಿಲ್ಲಿಗಲ್ಲ. ಬಿಲ್ ಮಾಡಲು ಓಟಿಪಿ ಬೇಕೇ ಇಲ್ಲ. ಹೆಚ್ಚಾಗಿ ಅದು ನಿಮ್ಮನ್ನು ಮೆಂಬರ್ ಮಾಡುವುದಕ್ಕೆ, ಇಲ್ಲವೇ ಜಾಹೀರಾತಿಗೆ ಒಪ್ಪಿಗೆ ದಾಖಲಿಸುವುದಕ್ಕೆ. ಮೆಸೇಜನ್ನು ಪೂರ್ತಿ ಓದಿ. ಓಟಿಪಿ ಯಾವುದಕ್ಕೆ ಎಂದು ಅದರಲ್ಲೇ ಬರೆದಿರುತ್ತದೆ. ಸಾಲ, ಕಾರ್ಡು, ಮ್ಯಾಂಡೇಟ್ ಎಂಬ ಪದ ಕಂಡರೆ ಓಟಿಪಿ ಹೇಳಬೇಡಿ, ಫೋನನ್ನೂ ಕೈಗೆ ಕೊಡಬೇಡಿ. ಮ್ಯಾಂಡೇಟ್ ಅಂದರೆ ನಿಮ್ಮ ಖಾತೆಯಿಂದ ಆಗಾಗ ತಾನಾಗಿ ಹಣ ತೆಗೆಯಲು ಕೊಡುವ ಅನುಮತಿ.

ಹಂತ 5: ಆಫರನ್ನು ರೂಪಾಯಿಗೆ ಇಳಿಸಿ ನೋಡಿ

ನಂಬರ್ ಕೊಟ್ಟರೆ ಲಾಭವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಪ್ರತಿ ತಿಂಗಳು ಒಂದೇ ಅಂಗಡಿಗೆ ಹೋಗುವವರಿಗೆ ಸ್ವಲ್ಪ ಉಳಿಯಬಹುದು. ಎಷ್ಟು ಎಂದು ಲೆಕ್ಕ ಹಾಕಿ. 100 ರೂಪಾಯಿಗೆ ಒಂದು ಪಾಯಿಂಟು, ಪಾಯಿಂಟಿಗೆ 50 ಪೈಸೆ ಅಂತಿಟ್ಟುಕೊಳ್ಳಿ. 3,000 ರೂಪಾಯಿ ದಿನಸಿಗೆ 15 ರೂಪಾಯಿ. ಆ 15 ರೂಪಾಯಿಗೆ ನೀವು ಯಾವ ಎಣ್ಣೆ ಬಳಸುತ್ತೀರಿ, ಮನೆಯಲ್ಲಿ ಮಗು ಇದೆಯಾ, ಸಕ್ಕರೆ ಕಾಯಿಲೆಯವರಿದ್ದಾರಾ ಎಲ್ಲವೂ ಅವರ ಲೆಕ್ಕಕ್ಕೆ ಸೇರುತ್ತದೆ. ಒಪ್ಪಿಗೆಯಾದರೆ ಕೊಡಿ, ಅದು ನಿಮ್ಮ ತೀರ್ಮಾನ. ಪಾಯಿಂಟಿಗೆ ಕೊನೆ ದಿನಾಂಕ ಇದೆಯಾ, ಎಷ್ಟು ಪಾಯಿಂಟ್ ಸೇರಿದ ಮೇಲೆ ಬಳಸಬಹುದು ಎಂದು ಕೇಳಿಯೇ ಸೇರಿ. ಹುಟ್ಟಿದ ದಿನ, ಮದುವೆ ದಿನ ಮಾತ್ರ ಬಿಡಿ. ಆ ದಿನಾಂಕಗಳಿಂದ ಪಾಸ್‌ವರ್ಡ್ ಮಾಡಿಕೊಂಡವರು ನಮ್ಮಲ್ಲಿ ಬಹಳ ಜನ.

ಚೀಲದ ವಿಷಯ. ಕರ್ನಾಟಕದಲ್ಲಿ 2016ರಿಂದ ಪ್ಲಾಸ್ಟಿಕ್ ಕವರ್ ನಿಷೇಧ ಇದೆ, ಹಾಗಾಗಿ ಮಳಿಗೆಗಳು ಕಾಗದದ ಚೀಲ, ಬಟ್ಟೆ ಚೀಲ ಮಾರುತ್ತವೆ. ಕೇಳದೆ ಬಿಲ್ಲಿಗೆ ಸೇರಿಸಿದರೆ ತೆಗೆಸಿ. ಚಂಡೀಗಢದ ಗ್ರಾಹಕ ವೇದಿಕೆ 2019ರಲ್ಲಿ 3 ರೂಪಾಯಿ ಚೀಲದ ವಿಷಯಕ್ಕೆ ಬಾಟಾ ಕಂಪನಿಗೆ ಸುಮಾರು 9,000 ರೂಪಾಯಿ ದಂಡ ಹಾಕಿತ್ತು. 2020ರ ಡಿಸೆಂಬರಿನಲ್ಲಿ ಬಿಗ್ ಬಜಾರ್ ಪ್ರಕರಣದಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ, ಮೊದಲೇ ತಿಳಿಸದೆ ದುಡ್ಡು ಕೊಡುವ ಹೊತ್ತಿಗೆ ಚೀಲಕ್ಕೆ ಬೆಲೆ ಹಾಕುವುದು ಅನುಚಿತ ಎಂದು ಹೇಳಿತು. ‘ಮೊದಲೇ ತಿಳಿಸದೆ’ ಎನ್ನುವುದನ್ನು ಗಮನಿಸಿ. ಬಾಗಿಲಲ್ಲೇ ಚೀಲದ ಬೆಲೆ ಬರೆದು ಹಾಕಿದ ಅಂಗಡಿಯಲ್ಲಿ ಈ ವಾದ ಅಷ್ಟು ಗಟ್ಟಿಯಾಗಿ ನಿಲ್ಲದಿರಬಹುದು.

ಎಲೆಕ್ಟ್ರಾನಿಕ್ಸ್ ಅಂಗಡಿಯ ಕೌಂಟರ್ ಬೇರೆಯದೇ ಲೋಕ. ಟಿವಿ ಬೆಲೆ ಮಾತಾಡಿ ಮುಗಿದ ಮೇಲೆ ಎಕ್ಸ್‌ಟೆಂಡೆಡ್ ವಾರಂಟಿ, ಸ್ಟೆಬಿಲೈಜರ್, ಗೋಡೆ ಸ್ಟ್ಯಾಂಡ್, ನೋ ಕಾಸ್ಟ್ ಇಎಂಐ ಒಂದಾದ ಮೇಲೊಂದು ಬರುತ್ತವೆ. ಎಕ್ಸ್‌ಟೆಂಡೆಡ್ ವಾರಂಟಿ ಅಂದರೆ ಕಂಪನಿ ವಾರಂಟಿ ಮುಗಿದ ಮೇಲಿನ ವರ್ಷಗಳಿಗೆ ದುಡ್ಡು ಕೊಟ್ಟು ಕೊಳ್ಳುವ ರಿಪೇರಿ ಭರವಸೆ. ಕೊಡುವುದು ತಯಾರಿಕಾ ಕಂಪನಿಯೋ, ಅಂಗಡಿಯೋ, ಮೂರನೆಯವರೋ ಕೇಳಿ. ಏನೇನು ಸೇರಿಲ್ಲ ಎಂಬ ಪಟ್ಟಿಯನ್ನೂ ಕೇಳಿ. ‘ಎಲ್ಲಾ ಕವರ್ ಆಗುತ್ತೆ ಸರ್’ ಎನ್ನುವುದು ಉತ್ತರವಲ್ಲ.

ನೋ ಕಾಸ್ಟ್ ಇಎಂಐ, ಅಂದರೆ ಬಡ್ಡಿ ಇಲ್ಲದ ಕಂತು. ಹೆಸರು ಹಾಗಿದೆ ಅಷ್ಟೇ. ಶೂನ್ಯ ಬಡ್ಡಿ ಎಂದು ಹೇಳಿಕೊಳ್ಳುವ ಸ್ಕೀಮುಗಳನ್ನು ರಿಸರ್ವ್ ಬ್ಯಾಂಕ್ 2013ರಲ್ಲೇ ಬೇಡ ಎಂದಿತ್ತು. ಕ್ರೆಡಿಟ್ ಕಾರ್ಡಿನ ಕಂತಿನಲ್ಲಿ ಸಾಮಾನ್ಯವಾಗಿ ನಡೆಯುವುದು ಏನೆಂದರೆ, ಬ್ಯಾಂಕು ಬಡ್ಡಿ ಹಾಕುತ್ತದೆ, ಅಷ್ಟೇ ಮೊತ್ತವನ್ನು ಅಂಗಡಿ ಅಥವಾ ಕಂಪನಿ ಬೆಲೆಯಲ್ಲಿ ಕಳೆಯುತ್ತದೆ. ಆ ಬಡ್ಡಿಯ ಮೇಲಿನ 18% ಜಿಎಸ್‌ಟಿ ನಿಮ್ಮದು. ಪ್ರೊಸೆಸಿಂಗ್ ಫೀ ಇದ್ದರೆ ಅದು, ಅದರ ಮೇಲಿನ ಜಿಎಸ್‌ಟಿ ಸಹ. ಬಡ್ಡಿ 1,000 ರೂಪಾಯಿ ಆದರೆ ತೆರಿಗೆ 180, ಫೀ 199 ಇದ್ದರೆ ತೆರಿಗೆ ಸೇರಿ ಸುಮಾರು 235. ಒಟ್ಟು 415 ರೂಪಾಯಿ. ‘ಒಂದೇ ಸಲ ಕೊಟ್ಟರೆ ಎಷ್ಟು ಕಡಿಮೆ ಮಾಡ್ತೀರಿ?’ ಎಂದು ಕೇಳಿ ನೋಡಿ, ನಿಜವಾದ ಬೆಲೆ ಆಗ ಹೊರಬರುತ್ತದೆ.

ಮಳಿಗೆಯ ಹೆಸರಿನ ಕ್ರೆಡಿಟ್ ಕಾರ್ಡ್ ಮಾರುವವರು ಕೌಂಟರ್ ಪಕ್ಕದಲ್ಲೇ ನಿಂತಿರುತ್ತಾರೆ. ‘ಸುಮ್ನೆ ಅರ್ಹತೆ ಚೆಕ್ ಮಾಡೋಣ’ ಎಂದು ಪ್ಯಾನ್ ಕೇಳುತ್ತಾರೆ. ಕೊಡಬೇಡಿ. ನೀವು ಕೇಳದ ಕಾರ್ಡನ್ನು ಕಳಿಸಿ ಅದಕ್ಕೆ ಶುಲ್ಕ ಹಾಕಿದರೆ, ಬ್ಯಾಂಕು ಆ ಶುಲ್ಕ ವಾಪಸ್ ಮಾಡಿ ಅದರ ಎರಡು ಪಟ್ಟು ದಂಡ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನ ಇದೆ.

ಹಂತ 6: ಲಕ್ಕಿ ಡ್ರಾ ಡಬ್ಬಿಗೆ ಚೀಟಿ ಹಾಕಬೇಡಿ

ಬಿಲ್ ಮುಗಿದ ಮೇಲೆ ಬಾಗಿಲ ಹತ್ತಿರ ಒಂದು ಮೇಜು, ಒಂದು ಗಾಜಿನ ಡಬ್ಬಿ, ಪಕ್ಕದಲ್ಲಿ ಕಾರಿನ ಚಿತ್ರ. ‘ಒಂದು ಕೂಪನ್ ತುಂಬಿ ಸರ್, ಫ್ರೀ.’ ಮಾಲ್‌ಗಳಲ್ಲೂ ಪೆಟ್ರೋಲ್ ಬಂಕಿನಲ್ಲೂ ಇದೇ ಕತೆ. ಚೀಟಿಯನ್ನು ಸರಿಯಾಗಿ ನೋಡಿ: ಹೆಸರು, ನಂಬರ್, ವಯಸ್ಸು, ಮದುವೆಯಾಗಿದೆಯೇ, ಉದ್ಯೋಗ, ತಿಂಗಳ ಆದಾಯ, ಕಾರು ಇದೆಯೇ, ಕ್ರೆಡಿಟ್ ಕಾರ್ಡ್ ಇದೆಯೇ. ಬಹುಮಾನ ಕೊಡುವವರಿಗೆ ನಿಮ್ಮ ಆದಾಯ ಏಕೆ?

ಕೆಲವು ದಿನದಲ್ಲಿ ಕರೆ ಬರುತ್ತದೆ. ‘ಅಭಿನಂದನೆಗಳು, ನಿಮಗೆ ಗಿಫ್ಟ್ ಬಂದಿದೆ, ಭಾನುವಾರ ಹೋಟೆಲಿಗೆ ಬನ್ನಿ, ಗಂಡ ಹೆಂಡತಿ ಇಬ್ಬರೂ ಬರಬೇಕು.’ ಇಬ್ಬರೂ ಏಕೆಂದರೆ, ‘ಮನೆಯಲ್ಲಿ ಕೇಳಿ ಹೇಳ್ತೀನಿ’ ಎಂದು ನೀವು ತಪ್ಪಿಸಿಕೊಳ್ಳಬಾರದು. ಅಲ್ಲಿ ಗಂಟೆಗಟ್ಟಲೆ ಕೂರಿಸಿ ಪ್ರವಾಸದ ಮೆಂಬರ್‌ಶಿಪ್ ಮಾರುತ್ತಾರೆ. ಗಿಫ್ಟು ಒಂದು ಡಬ್ಬಿಯೋ, ‘ಮೂರು ದಿನ ಫ್ರೀ ಸ್ಟೇ’ ಎಂಬ ಕಾಗದವೋ ಆಗಿರುತ್ತದೆ. ಈಗಾಗಲೇ ಚೀಟಿ ಹಾಕಿದ್ದರೆ ಹೋಗಬೇಡಿ. ಹೋದರೂ ಕಾರ್ಡನ್ನು ಮನೆಯಲ್ಲೇ ಬಿಟ್ಟು ಹೋಗಿ, ಅಲ್ಲಿ ಕೂತು ಏನಕ್ಕೂ ಸಹಿ ಹಾಕಬೇಡಿ.

ಹಂತ 7: ಕೌಂಟರ್ ಬಿಡುವ ಮುಂಚೆ ಬಿಲ್ ಓದಿ

ಅರ್ಧ ನಿಮಿಷ ಸಾಕು. ಕೇಳದ ಚೀಲ, ಒಂದು ರೂಪಾಯಿ ದೇಣಿಗೆ, ಮೆಂಬರ್‌ಶಿಪ್ ಶುಲ್ಕ ಸೇರಿದೆಯಾ ನೋಡಿ. ಶೆಲ್ಫಿನ ಮೇಲೆ ಕಂಡ ರಿಯಾಯಿತಿ ಬಿಲ್ಲಿನಲ್ಲಿ ಬಂದಿದೆಯಾ ನೋಡಿ. ಕೆಲವು ಬೆಲೆಗಳ ಕೆಳಗೆ ಸಣ್ಣ ಅಕ್ಷರದಲ್ಲಿ ‘ಮೆಂಬರ್‌ಗಳಿಗೆ ಮಾತ್ರ’ ಎಂದಿರುತ್ತದೆ. ನಂಬರ್ ಕೊಟ್ಟಿದ್ದರೆ ಅದು ಬಿಲ್ಲಿನಲ್ಲೂ ಅಚ್ಚಾಗಿರಬಹುದು, ಹೊರಗಿನ ಕಸದ ಬುಟ್ಟಿಗೆ ಹಾಗೇ ಎಸೆಯಬೇಡಿ.

ನಂಬರ್ ಇಲ್ಲದಿದ್ದರೆ ವಾಪಸ್ ತಗೊಳಲ್ಲ ಅಂದರೆ ಒಪ್ಪಬೇಡಿ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ ವಾಪಸ್ ತೆಗೆದುಕೊಳ್ಳಲು ನಿರಾಕರಿಸುವುದೂ ಅನುಚಿತ ವ್ಯಾಪಾರವೇ. ಬಣ್ಣ ಇಷ್ಟವಾಗಲಿಲ್ಲ ಎಂದು ಬದಲಾಯಿಸುವುದು ಬೇರೆ, ಅದು ಅಂಗಡಿಯ ನೀತಿಗೆ ಬಿಟ್ಟದ್ದು.

ಹಂತ 8: ಈಗಾಗಲೇ ಕೊಟ್ಟುಬಿಟ್ಟಿದ್ದರೆ

ಅಂಗಡಿಯ ಕಸ್ಟಮರ್ ಕೇರ್‌ಗೆ ಇಮೇಲ್ ಮಾಡಿ: ‘ನನ್ನ ನಂಬರನ್ನು ಜಾಹೀರಾತಿಗೆ ಬಳಸಲು ಒಪ್ಪಿಗೆ ಇಲ್ಲ. ಕೊಟ್ಟಿದ್ದರೆ ವಾಪಸ್ ಪಡೆದಿದ್ದೇನೆ. ನನ್ನ ಮೆಂಬರ್ ಖಾತೆ ಅಳಿಸಿ, ಅಳಿಸಿದ್ದನ್ನು ತಿಳಿಸಿ.’ ಫೋನಿನಲ್ಲಿ ಹೇಳಿದರೆ ಸಾಕ್ಷಿ ಉಳಿಯುವುದಿಲ್ಲ.

ಮೆಸೇಜು ಬಂದಾಗ ಕಳಿಸಿದವರ ಹೆಸರಿನ ಕೊನೆಯ ಅಕ್ಷರ ನೋಡಿ. ಇಂಗ್ಲಿಷಿನ ಪಿ ಇದ್ದರೆ ಜಾಹೀರಾತು, ಎಸ್ ಇದ್ದರೆ ಸೇವೆಗೆ ಸಂಬಂಧಿಸಿದ್ದು, ಟಿ ಇದ್ದರೆ ವ್ಯವಹಾರದ್ದು, ಜಿ ಅಂದರೆ ಸರ್ಕಾರದ್ದು. ಡಿಎನ್‌ಡಿ ಇದ್ದೂ ಬೇಡದ ಜಾಹೀರಾತು ಬಂದರೆ ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಲ್ಲಿ ಅಥವಾ 1909ರಲ್ಲಿ ದೂರು ಕೊಡಿ. ಟ್ರಾಯ್ ಅಂದರೆ ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಕೇಂದ್ರದ ಪ್ರಾಧಿಕಾರ. ಮೆಸೇಜು ಬಂದ 7 ದಿನದೊಳಗೆ ಕೊಡಬೇಕು, ಅದನ್ನು ಅಳಿಸಿರಬಾರದು. ಸಿಟ್ಟಿನಲ್ಲಿ ಮೊದಲು ಡಿಲೀಟ್ ಮಾಡಿ ಆಮೇಲೆ ದೂರು ಕೊಡಲು ಹೋಗುವವರೇ ಜಾಸ್ತಿ. ವಾಟ್ಸ್ಆ್ಯಪ್‌ನಲ್ಲಿ ಬಂದರೆ ಅಲ್ಲೇ ಬ್ಲಾಕ್ ಮಾಡಿ, ರಿಪೋರ್ಟ್ ಒತ್ತಿ.

ಹಂತ 9: ದೂರು

ನಂಬರ್ ಇಲ್ಲದೆ ಬಿಲ್ ಕೊಡಲಿಲ್ಲ, ಕೇಳದ್ದನ್ನು ಬಿಲ್ಲಿಗೆ ಸೇರಿಸಿ ತೆಗೆಯಲಿಲ್ಲ, ಇಂಥದ್ದಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, ನಂಬರ್ 1915. ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು. ವಾಟ್ಸ್ಆ್ಯಪ್ ಬೇಕಿದ್ದರೆ 8800001915. ಅಂಗಡಿಯ ಹೆಸರು, ಶಾಖೆ, ದಿನ, ಸಮಯ, ಬಿಲ್ಲಿನ ಫೋಟೋ ಜೊತೆಗಿರಲಿ. ಬಿಲ್ಲೇ ಕೊಟ್ಟಿಲ್ಲ ಅಂದರೆ ಯುಪಿಐ ಅಥವಾ ಕಾರ್ಡಿನ ಪಾವತಿ ದಾಖಲೆ ಸಾಕಾಗುತ್ತದೆ, ಇಂಥ ಅಂಗಡಿಯಲ್ಲಿ ನಗದು ಕೊಡದಿರುವುದು ಒಳ್ಳೆಯದು. ದೂರಿನ ಡಾಕೆಟ್ ನಂಬರ್, ಅಂದರೆ ನೋಂದಣಿ ಸಂಖ್ಯೆ, ಬರೆದಿಟ್ಟುಕೊಳ್ಳಿ.

ಸಹಾಯವಾಣಿ ರಾಜಿ ಮಾಡಿಸಲು ನೋಡುತ್ತದೆ, ತೀರ್ಪು ಕೊಡುವುದಿಲ್ಲ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಈಗ ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. ವಕೀಲರು ಕಡ್ಡಾಯವಲ್ಲ. ಅಂಗಡಿ ಬೆಂಗಳೂರಿನಲ್ಲಿದ್ದು ನೀವು ಹಾಸನದಲ್ಲಿದ್ದರೆ ಹಾಸನದಲ್ಲೇ ಹಾಕಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ. ಘಟನೆ ನಡೆದ 2 ವರ್ಷದೊಳಗೆ ಅರ್ಜಿ ಸಲ್ಲಿಸಬೇಕು.